ಓಬಯ್ಯ ಬಿಟ್ಟ ಜಾಗ

ನಮ್ಮ ರೇಡಿಯೊ ಕೇಂದ್ರಕ್ಕೆ ಹೊಸದಾಗಿ ಸೇರಿದ ಮೂವರು ಹೋದ ತಿಂಗಳು ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದರು. ಇಬ್ಬರು ಹುಡುಗಿಯರು, ಒಬ್ಬ ಹುಡುಗ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. "ಸಾರ್, ಇಷ್ಟು ವರ್ಷ ಮೈಕಿನ ಮುಂದೆ ಕುಂತಿದ್ದೀರಿ. ಜನರನ್ನ ನಗಿಸೋದು ಹೆಂಗೆ, ಫೋನ್ ಮಾಡ್ದೋರನ್ನ ಮಾತಾಡ್ಸೋದು ಹೆಂಗೆ ಅಂತ ನಾಕು ಪುಟ ಬರ್ದುಕೊಡ್ರಿ" ಎಂದರು. ಆಯಿತು ಎಂದೆ. ಅವರು ಬೀದಿ ತಿರುಗುವಷ್ಟರಲ್ಲಿ ನನ್ನ ಹೆಂಡತಿ ಸುಶೀಲ ಅಡುಗೆಮನೆಯಿಂದಲೇ ಕೇಳಿದಳು: "ನಗಿಸಿದ್ದು ಬರೀತೀರೋ, ನಗಿಸಾಕೆ ಹೋಗಿ ಕೆಡಿಸಿದ್ದು ಬರೀತೀರೋ?"

ಅವಳ ಬಾಯಿಗೆ ಎದುರು ನಿಂತು ಗೆದ್ದವನಲ್ಲ ನಾನು. ಆದ್ದರಿಂದ ಎರಡನೆಯದನ್ನೇ ಬರೆಯುತ್ತಿದ್ದೇನೆ. ಸನ್ಮಾನಗಳ ವಿಷಯ ಕೇಳಬೇಡಿ. ಶಾಲುಗಳೆಲ್ಲ ಬೀರುವಿನಲ್ಲಿವೆ, ನುಸಿಗುಳಿಗೆ ವಾಸನೆ ಹೊಡೆಯುತ್ತಿವೆ. ಬೇಕಾದವರು ತಗೊಂಡು ಹೋಗಬಹುದು.

ನನ್ನ ಕಸುಬು ಶುರುವಾಗಿದ್ದು ರೇಡಿಯೊದಲ್ಲಲ್ಲ, ಹಳ್ಳಿ ನಾಟಕದ ಹಲಗೆಯ ಮೇಲೆ. ಸಾಮಾಜಿಕ ನಾಟಕಗಳಲ್ಲಿ ಹಾಸ್ಯದ ಪಾತ್ರ ನನ್ನದು. ಜೊತೆಗೆ ಓಬಯ್ಯ. ಅವನು ಕೊಂಡ್ಲಹಳ್ಳಿಯವನು, ಕುರಿ ಕಾಯುವ ಮನೆಯವನು. ನಾಟಕ ಇದ್ದಾಗ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದುಬಿಡುತ್ತಿದ್ದ. ಆ ಕಂಬಳಿಯೇ ಅವನ ವೇಷ, ಬೇರೆ ಬಟ್ಟೆ ಬೇಕಿರಲಿಲ್ಲ. ನಮ್ಮಿಬ್ಬರ ಕೆಲಸ ಹಂಚಿಹೋಗಿತ್ತು. ಅವನು ಪೆದ್ದನ ಹಾಗೆ ಕೇಳಬೇಕು, ನಾನು ಉತ್ತರ ಕೊಡಬೇಕು, ಜನ ನಗಬೇಕು.

"ತಿಪ್ಪೇಶಣ್ಣೋ, ಎಮ್ಮೆಲ್ಲೆ ಸಾಹೇಬ್ರು ಬಂದು ಹೋದ ಮ್ಯಾಲೆ ರಸ್ತೆ ತುಂಬ ಗುಂಡಿ ತೋಡವ್ರಲ್ಲ, ಯಾಕೆ?" ಎನ್ನುತ್ತಿದ್ದ. ಕೇಳಿ ಕಂಬಳಿಯ ಅಂಚು ತಿರುಚುತ್ತ ನನ್ನನ್ನೇ ನೋಡುತ್ತ ನಿಲ್ಲುತ್ತಿದ್ದ. ಒಂದು, ಎರಡು. ಆಗ ನಾನು, "ಹೋದ ಸಲ ಕೊಟ್ಟ ಮಾತೆಲ್ಲ ಹೂಳಾಕೆ ಜಾಗ ಬ್ಯಾಡ್ವೇನಲೇ?" ಎನ್ನುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಒಂದು, ಎರಡು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುವುದನ್ನು ನಾವು ಜಾಗ ಬಿಡುವುದು ಎನ್ನುತ್ತಿದ್ದೆವು. ಓಬಯ್ಯನಷ್ಟು ಚೆನ್ನಾಗಿ ಜಾಗ ಬಿಡುವ ಇನ್ನೊಬ್ಬನನ್ನು ನಾನು ನೋಡಿಲ್ಲ. ಚಪ್ಪಾಳೆ ನನಗೆ ಬೀಳುತ್ತಿತ್ತು, ಕೆಲಸ ಮಾತ್ರ ಅವನದು. ನನಗದು ಆಗಲೂ ಗೊತ್ತಿತ್ತು, ಬಾಯಿಬಿಟ್ಟು ಒಂದು ಸಲವೂ ಹೇಳಲಿಲ್ಲ. ಕೂಲಿಯವರು, ಹಮಾಲರು ಧರಣಿ ಕೂತ ಕಡೆಯೂ ನಾವಿಬ್ಬರೂ ಹೋಗಿ ಬಿಟ್ಟಿಯಾಗಿ ಆಡುತ್ತಿದ್ದೆವು. ಅವರು ಕೊಡುವ ಚಿತ್ರಾನ್ನ ತಿಂದು ಬರುವುದು. ಆಗ ನಮ್ಮ ಮಾತೆಲ್ಲ ದೊಡ್ಡವರ ಮೇಲೆಯೇ.

ಚಳ್ಳಕೆರೆಯಲ್ಲಿ ರೇಡಿಯೊ ಕೇಂದ್ರ ಶುರುವಾದಾಗ ನನ್ನನ್ನು ಕರೆದರು. ಮುಖ್ಯಸ್ಥರು ರುದ್ರಪ್ಪನವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಸುದ್ದಿ ಓದಲು ನಮಗೆ ಅನುಮತಿ ಇರಲಿಲ್ಲ, ಹರಟೆಗೆ ಯಾರ ಅಡ್ಡಿಯೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಜನ ಫೋನ್ ಮಾಡಬೇಕು, ನಾನು ಮಾತಾಡಿಸಬೇಕು.

ಮೊದಲ ದಿನದ ಕಥೆ ಕೇಳಿ. ನಾನು ಮೈಕಿನ ಮುಂದೆ ಕಣ್ಣು ಮೇಲೆ ಕೆಳಗೆ ಮಾಡಿದೆ, ಮೂತಿ ಸೊಟ್ಟ ಮಾಡಿದೆ, ಪಂಚೆ ಉದುರಿದ ಹಾಗೆ ಹಾರಿ ಹಿಡಿದುಕೊಂಡೆ. ನಾಟಕದಲ್ಲಿ ಇದಕ್ಕೆ ಶಿಳ್ಳೆ ಬೀಳುತ್ತಿತ್ತು. ಗಾಜಿನ ಆಚೆ ರುದ್ರಪ್ಪನವರು ಹಣೆ ಚಚ್ಚಿಕೊಳ್ಳುತ್ತಿದ್ದರು. ಹೊರಗೆ ಕರೆದು ಉಗಿದು ಉಪ್ಪಿನಕಾಯಿ ಹಾಕಿದರು: "ತಿಪ್ಪೇಶಿ, ನಿಮ್ಮ ಪಂಚೆ ಯಾರಿಗ್ರೀ ಕಾಣುತ್ತೆ? ಅರ್ಧ ನಿಮಿಷ ಉಸಿರೇ ಇಲ್ಲ ರೇಡಿಯೊದಲ್ಲಿ. ಕೇಳೋನು ಸೆಟ್ಟು ಕೆಟ್ಟಿದೆ ಅಂತ ತಲೆ ಮೇಲೆ ಕುಟ್ಟಿರ್ತಾನೆ." ಮರುದಿನ ಸ್ಟುಡಿಯೊದ ಗಾಜಿಗೆ ಒಂದು ಹಾಳೆ ಅಂಟಿಸಿದ್ದರು. ದಪ್ಪ ಅಕ್ಷರದಲ್ಲಿ 'ಸುಮ್ಮನಿರಬೇಡಿ' ಎಂದಿತ್ತು. ಆ ಹಾಳೆಯನ್ನು ನೋಡುತ್ತಲೇ ನನ್ನ ಮುಂದಿನ ಬದುಕು ಕಳೆಯಿತು. ಎಲ್ಲಿ ಖಾಲಿ ಕಂಡರೂ ಬಾಯಿ ಹಾಕುವುದನ್ನು ಕಲಿತೆ.

ಮೊದಲ ವರ್ಷಗಳು ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಜನ ಕಾರ್ಡು ಬರೆಯುತ್ತಿದ್ದರು, ಬೂತಿನಿಂದ ಫೋನ್ ಮಾಡುತ್ತಿದ್ದರು. ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ನಮ್ಮ ಕಾರ್ಯಕ್ರಮ ಇಲ್ಲದೆ ಮಗ್ಗ ಶುರುವಾಗುತ್ತಿರಲಿಲ್ಲ. ಕೈ, ಕಾಲು, ಕಣ್ಣು ಮೂರೂ ಸೀರೆಯ ಮೇಲಿರುತ್ತವೆ, ಕಿವಿಯೊಂದೇ ಬಿಡುವಾಗಿರುವುದು. ಲಕ್ಷ್ಮೀದೇವಮ್ಮ ಎಂಬ ನೇಕಾರ ಹೆಂಗಸು ಒಮ್ಮೆ ಫೋನ್ ಮಾಡಿ ಬೈದಳು. "ಏಂ ಸಾರ್ ನೀವು, ನಕ್ಕು ನಕ್ಕು ಅಂಚಿನಾಗೆ ಎಳೆ ತಪ್ಪಿ ಹೋತು. ನಾಕು ಬೆರಳಗಲ ಬಿಚ್ಚಿ ಮತ್ತೆ ನೇಯ್ತಾ ಕುಂತಿದ್ದೀನಿ. ನಮ್ಮತ್ತೆ ಹತ್ರ ನೀವೇ ಬಂದು ಬೈಸ್ಕೊಳ್ರಿ!" ಅವಳ ಹಿಂದೆ ಮಗ್ಗದ ಟಕಟಕ ಕೇಳುತ್ತಿತ್ತು. ನನಗೆ ಸಿಕ್ಕ ಬಹುಮಾನಗಳಲ್ಲಿ ಅದೊಂದನ್ನೇ ನಾನು ಇಟ್ಟುಕೊಂಡಿರುವುದು.

ಓಬಯ್ಯನೂ ರೇಡಿಯೊಗೆ ಬಂದ. ಶನಿವಾರಕ್ಕೊಮ್ಮೆ ಅವನು ಕುರಿಗಳ ಹಿಂದಿನಿಂದಲೇ ಮೊಬೈಲಿನಲ್ಲಿ ಫೋನ್ ಮಾಡಬೇಕು, ಹಳೆಯ ಹಾಗೆ ಪೆದ್ದ ಪ್ರಶ್ನೆ ಕೇಳಿ ಜಾಗ ಬಿಡಬೇಕು, ನಾನು ತುಂಬಬೇಕು. ಕಂಟ್ರಾಕ್ಟರು, ರೇಷನ್ ಅಂಗಡಿಯವನು, ಎಮ್ಮೆಲ್ಲೆ, ಯಾರನ್ನೂ ಬಿಡಲಿಲ್ಲ. ರುದ್ರಪ್ಪನವರಿಗೆ ಮೇಲಿನಿಂದ ಫೋನ್ ಬರುತ್ತಿದ್ದವು. "ಹಾಸ್ಯ ಸಾರ್, ಬರೀ ಹಾಸ್ಯ" ಎಂದು ಅವರು ನಮ್ಮನ್ನು ಕಾಪಾಡುತ್ತಿದ್ದರು.

ಆಮೇಲೆ ನಾನು ಬದಲಾದೆ. ಯಾವ ದಿನ ಎಂದು ಹುಡುಕಿದರೆ ಸಿಗುವುದಿಲ್ಲ. ದುಡ್ಡು ತಿಂದ ಎಂದು ಊರವರು ಆಡಿಕೊಂಡರು. ತಿಂದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಹಾಗೇನೂ ಆಗಲಿಲ್ಲ. ನಾನು ನಗುವಿನ ಹಿಂದೆ ಹೋದೆ, ಅದು ಎಲ್ಲಿಗೆ ಕರೆದುಕೊಂಡು ಹೋಯಿತೋ ಅಲ್ಲಿಗೆ.

ಆದದ್ದು ಹೀಗೆ. ಐದಾರು ವರ್ಷ ದೊಡ್ಡವರನ್ನೇ ಬೈದು ಬೈದು ಜನಕ್ಕೂ ಸಾಕಾಗಿತ್ತು, ಫೋನ್ ಕಡಿಮೆಯಾಗಿದ್ದವು. ಒಂದು ಬೆಳಿಗ್ಗೆ ಯಾರೋ ಒಬ್ಬ ಪಿಂಚಣಿ ಬಂದಿಲ್ಲ, ಚರಂಡಿ ಆಗಿಲ್ಲ ಎಂದು ಒಂದೇ ಸಮ ಗೋಳು ಹೇಳಿಕೊಂಡ. ನನಗೆ ರೇಗಿತು. "ಎಲ್ಲಾ ಸರ್ಕಾರನೇ ಮಾಡ್ಬೇಕೇನಪ್ಪಾ? ಬೆನ್ನು ಕೆರೆಯಾಕೂ ಒಬ್ಬ ಜವಾನನ್ನ ಕಳಿಸ್ಬೇಕಾ?" ಎಂದುಬಿಟ್ಟೆ. ಅಷ್ಟೇ ಮಾರಾಯರೇ, ಫೋನಿನ ಮೇಲೆ ಫೋನು. ಪೇಟೆಯವರು, ನೌಕರಿಯವರು, ಅಂಗಡಿಯವರು ಎಲ್ಲರೂ "ಸರಿಯಾಗಿ ಹೇಳಿದ್ರಿ ತಿಪ್ಪೇಶಣ್ಣ" ಎಂದರು. ಎಷ್ಟೋ ದಿನದ ಮೇಲೆ ಹೊಸ ನಗು ಕೇಳಿದ್ದೆ. ಮರುದಿನ ಅಂಥವನು ಇನ್ನೊಬ್ಬ ಸಿಗುತ್ತಾನಾ ಎಂದು ಕಾದು ಕೂತೆ. ಧರಣಿ ಕೂರುವವರು ಕೆಲಸವಿಲ್ಲದವರಾದರು, ಅರ್ಜಿ ಕೊಡುವವರು ಬಿಟ್ಟಿ ಕೂಳಿನವರಾದರು, ಪ್ರಶ್ನೆ ಕೇಳುವವರು ನಾಡಿನ ಅಭಿವೃದ್ಧಿಗೆ ಅಡ್ಡ ಮಲಗಿದವರಾದರು. ಮೊದಮೊದಲು ನಗೆಗೆ ಎಂದು ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ನಾನೇ ನಂಬಿಕೊಂಡೆ. ಎದೆ ಮುಟ್ಟಿಕೊಂಡು ಹೇಳುತ್ತೇನೆ, ನಂಬಿಯೇ ಮಾತಾಡಿದೆ. ಮುಂಚೆ ನನ್ನನ್ನು ಬೈಯುತ್ತಿದ್ದ ಮುಖಂಡರು ಈಗ ವೇದಿಕೆಯ ಮೇಲೆ ಪಕ್ಕದ ಕುರ್ಚಿ ಕೊಟ್ಟರು. ಕುರ್ಚಿ ಮೆತ್ತಗಿತ್ತು.

ಓಬಯ್ಯ ಮಾತ್ರ ಅದೇ ಹಳೆಯ ಪ್ರಶ್ನೆ, ಅದೇ ಹಳೆಯ ದೊಡ್ಡವರ ಮೇಲೆ ಕೇಳುತ್ತಿದ್ದ. ನನ್ನ ಉತ್ತರಗಳು ಬೇರೆ ದಿಕ್ಕಿಗೆ ಹೋಗತೊಡಗಿದ ಮೇಲೆ ಅವನ ಶನಿವಾರಗಳು ತಪ್ಪಿದವು. ಒಂದು ದಿನ ಸಂತೆಗೆ ಬಂದವನು ಮನೆಗೆ ಬಂದು, ಸುಶೀಲ ಕೊಟ್ಟ ರೊಟ್ಟಿ ತಿಂದು ಕೈ ತೊಳೆಯುತ್ತ ಹೇಳಿದ: "ಲೇ ತಿಪ್ಪ, ಯಾರ್ನ ನೋಡಿ ನಗಾಕೆ ಹತ್ತಿದೀಯ ಅಂತ ಒಂದ್ಸಲ ನೋಡ್ಕಳಲೇ."

"ಕಾಲ ಬದ್ಲಾಗೈತೆ. ನಿನಗೆ ಅರ್ಥ ಆಗಲ್ಲ ಬಿಡು" ಎಂದೆ.

"ನಾನು ಪೆದ್ದ ಆಗಿದ್ದು ನಾಟಕದಾಗೆ ಕಣಲೇ" ಎಂದ. ನಾನು ಅದಕ್ಕೂ ನಕ್ಕೆ.

ಅದಾದ ಮೇಲೆ ಬೇಲಿ ಬಂತು. ಓಬಯ್ಯನ ಊರಿನ ಆಚೆ ಒಂದು ದೊಡ್ಡ ಕಾವಲು ಇತ್ತು. ಅವನ ತಾತನ ಕಾಲದಿಂದ ಕುರಿ ಮೇಯುವ ಹುಲ್ಲುಗಾವಲು. ನಡುವೆ ನೀರು ನಿಲ್ಲುವ ಒಂದು ಕಟ್ಟೆ. ಅದನ್ನು ಸೋಲಾರ್ ಕಂಪನಿಯೊಂದಕ್ಕೆ ಕೊಟ್ಟು ಸುತ್ತ ತಂತಿಬೇಲಿ ಎಳೆಯಲು ಶುರು ಮಾಡಿದರು. ಕುರಿಯವರು ತಾಲ್ಲೂಕು ಕಚೇರಿಗೆ ಅಲೆದರು. ಕಟ್ಟೆಗೆ ಹೋಗುವ ದಾರಿಯನ್ನಾದರೂ ಬಿಡಿ ಎಂದು ಕೇಳಿದರು. ನಾನು ರೇಡಿಯೊದಲ್ಲಿ ಕರೆಂಟು ಬರುತ್ತೆ, ಕೆಲಸ ಬರುತ್ತೆ ಎಂದು ಕೊಂಡಾಡುತ್ತಿದ್ದೆ.

ಒಂದು ಸಂಜೆ ಓಬಯ್ಯ ನನ್ನ ಮನೆಯ ಫೋನಿಗೆ ಕರೆ ಮಾಡಿದ. "ತಿಪ್ಪ, ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ. ತಮಾಷೆ ಬ್ಯಾಡ. ನಾಳಿದ್ದು ಅಧಿಕಾರಿಗಳು ಜಾಗ ನೋಡಾಕೆ ಬರ್ತಾರೆ. ಕುರಿಯೋರೆಲ್ಲ ಎದುರಿಗೆ ನಿಂತು ಹೇಳಿದ್ರೆ ದಾರಿ ಬರ್ಕೊಡ್ತಾರಂತೆ. ಒಬ್ಬೊಬ್ರು ಒಂದೊಂದು ದಿಕ್ಕಿನಾಗೆ ಮೇಯಿಸ್ತಾ ಅವ್ರೆ, ನಾನು ಎಲ್ಲಿ ಅಂತ ಹುಡುಕ್ಲಿ? ರೇಡ್ಯಾ ಎಲ್ರ ಹೆಗಲ ಮ್ಯಾಲೂ ಐತೆ. ಯಾವತ್ತು, ಎಷ್ಟೊತ್ತಿಗೆ, ಎಲ್ಲಿ ಸೇರ್ಬೇಕು ಅಂತ ಹೇಳಿಬಿಡ್ತೀನಿ. ಒಂದು ನಿಮಿಷ ಹೇಳಾಕೆ ಬಿಡಲೇ."

"ಆತು ಬಿಡಲೇ, ಅದಕ್ಕೇನು" ಎಂದೆ. ಮಾತು ಕೊಟ್ಟೆ.

ಮರುದಿನ ಅವನ ಕರೆ ಬಂತು. ಗಾಳಿ ಜೋರಾಗಿತ್ತು, ಕುರಿಗಳ ಸದ್ದು ಇತ್ತು. "ಬೇಲಿ ಹಾಕಿಬಿಟ್ರು. ಕಟ್ಟೆ ಒಳಗೆ ಸೇರ್ಕಂತು. ಹುಟ್ಟಿದಾಗಿಂದ ಕುರಿ ಕಾಯ್ಕಂಡು ಬಂದೋರು ನಾವು. ಈಗ ನಾನು ಏನು ಕಾಯ್ಲಿ ತಿಪ್ಪೇಶಣ್ಣ?" ಎಂದ. ನಿಂತ.

ಒಂದು. ಎರಡು.

ನನ್ನ ಎದುರಿಗೆ ಗಾಜಿನ ಮೇಲೆ 'ಸುಮ್ಮನಿರಬೇಡಿ' ಎಂಬ ಹಾಳೆ. ಮೂವತ್ತು ವರ್ಷ ಈ ಮನುಷ್ಯ ನಿಂತಲ್ಲೆಲ್ಲ ನಾನು ಬಾಯಿ ಹಾಕಿದ್ದೇನೆ. ಮಾತು ತಾನಾಗಿ ಬಂತು. "ಅಯ್ಯೋ, ಅದಕ್ಕ್ಯಾಕೆ ಚಿಂತಿ? ಕಂಪನಿಯೋರು ಗೇಟ್ ಕಾಯಾಕೆ ಜನ ಹುಡುಕ್ತಾ ಅವ್ರೆ. ಕುರಿ ಆದ್ರೆ ಓಡಿ ಹೋಗ್ತಾವೆ, ಗೇಟು ಎಲ್ಲಿಗೂ ಹೋಗಲ್ಲ. ಕುಂತಲ್ಲೇ ಕಾಯ್ಬಹುದು, ಗೇಟ್ ಓಬಯ್ಯ!"

ಗಾಜಿನ ಆಚೆ ಕೋಣೆಯಲ್ಲಿ ನಮ್ಮ ಕೇಂದ್ರದವರು ಬಿದ್ದು ಬಿದ್ದು ನಕ್ಕರು. "ತಿಪ್ಪಾ..." ಎಂಬ ದನಿ ಕೇಳಿಸಿತು. ಅಷ್ಟರಲ್ಲಿ ನನ್ನ ಬೆರಳು ಮುಂದಿನ ಕರೆಯ ಗುಂಡಿ ಒತ್ತಿಯಾಗಿತ್ತು. ಯಾವತ್ತು, ಎಷ್ಟೊತ್ತಿಗೆ, ಎಲ್ಲಿ ಎನ್ನುವುದನ್ನು ಅವನು ಹೇಳಲೇ ಇಲ್ಲ.

ಅಧಿಕಾರಿಗಳು ಬಂದ ದಿನ ಓಬಯ್ಯನ ಜೊತೆ ಅವನ ತಮ್ಮ, ಅಕ್ಕಪಕ್ಕದ ನಾಲ್ಕೈದು ಜನ ನಿಂತಿದ್ದರಂತೆ. ಇಷ್ಟೇ ಜನಕ್ಕೆ ತೊಂದರೆಯಾದರೆ ಹೇಗೋ ಹೊಂದಿಕೊಳ್ಳುತ್ತಾರೆ ಎಂದು ಬರೆದುಕೊಂಡು ಹೋದರಂತೆ. ದಾರಿ ಸಿಗಲಿಲ್ಲ.

ನಮ್ಮ ಕಸುಬಿನಲ್ಲಿ ಆಗಷ್ಟೇ ಹೊಸ ಪದ್ಧತಿ ಬಂದಿತ್ತು. ಚೆನ್ನಾಗಿ ಬಂದ ತುಣುಕನ್ನು ಕತ್ತರಿಸಿ ವಾಟ್ಸಾಪಿಗೆ ಬಿಡುವುದು. ಮುಂಚೆ ಆಡಿದ ಮಾತು ಗಾಳಿಗೆ ಹೋಗುತ್ತಿತ್ತು, ತಪ್ಪಾಡಿದರೂ ಜನ ಮರೆಯುತ್ತಿದ್ದರು. ಗೇಟ್ ಓಬಯ್ಯನ ತುಣುಕು ಹಾಗೆ ಹೋಗಲಿಲ್ಲ. ಅದಕ್ಕೆ ಡೋಲು ಸೇರಿಸಿದರು, ಕುರಿಯ ಚಿತ್ರ ಸೇರಿಸಿದರು. ರಾಂಪುರದ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಓಬಯ್ಯನಿಗೆ "ಗೇಟ್ ಹತ್ರಾನೇ ನಿಂತ್ಕ, ನಿಂಗೆ ಅಭ್ಯಾಸ ಐತೆ" ಎಂದನಂತೆ, ಇಡೀ ಬಸ್ಸು ನಕ್ಕಿತಂತೆ. ನನಗಿದನ್ನು ಹೇಳಿದವರು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಥೂ ನನ್ನ ಬಾಯಿಗೆ!

ಓಬಯ್ಯ ಮತ್ತೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನನ್ನ ಸಮಾಧಾನಕ್ಕೆ ಒಂದು ಮಾತು ಇಟ್ಟುಕೊಂಡಿದ್ದೆ. ಅವನು ಅಭ್ಯಾಸಬಲದಿಂದ ಜಾಗ ಬಿಟ್ಟ, ನಾನು ಅಭ್ಯಾಸಬಲದಿಂದ ತುಂಬಿದೆ, ಇಬ್ಬರದೂ ಸಮಪಾಲು ಎಂದು. ಏಳು ವರ್ಷ ಅದನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದೆ. ಮೆತ್ತನೆಯ ಕುರ್ಚಿಯವರು ನನಗಿಂತ ಜೋರಾಗಿ ಬೈಯುವವರನ್ನು ಹುಡುಕಿಕೊಂಡರು. ನನ್ನ ಕಾರ್ಯಕ್ರಮ ಅರ್ಧ ಗಂಟೆಗೆ, ಕಾಲು ಗಂಟೆಗೆ ಇಳಿಯಿತು, ಆಮೇಲೆ ನಿವೃತ್ತಿ. ಈಗ ನನ್ನ ರಾಜಕೀಯ ಏನು ಎಂದು ಕೇಳಿದರೆ ನನ್ನಲ್ಲಿ ಏನೂ ಇಲ್ಲ. ಹಳೆಯದಕ್ಕೆ ಮರಳಿ ಹೋಗಲು ಮುಖವಿಲ್ಲ, ಹೊಸದನ್ನು ನೋಡಿದರೆ ವಾಕರಿಕೆ.

ಆ ಮೂವರು ಬಂದು ಹೋದ ವಾರ ಮೊಳಕಾಲ್ಮೂರಿಗೆ ಹೋಗಬೇಕಾಯಿತು. ಸುಶೀಲಳ ತಂಗಿ ಮಗಳ ಮದುವೆಗೆ ಸೀರೆ ಬೇಕಿತ್ತು. ಹುಡುಕಿಕೊಂಡು ಲಕ್ಷ್ಮೀದೇವಮ್ಮನ ಮನೆಗೇ ಹೋದೆವು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಗುಂಡಿಮಗ್ಗದಲ್ಲಿ ಕೂತಿದ್ದಳು, ತಲೆ ಪೂರ್ತಿ ನೆರೆತಿತ್ತು. ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದಳು. "ಈಗಲೂ ಎಳೆ ತಪ್ಪುತ್ತಾ ಅಮ್ಮ?" ಎಂದು ನಗುತ್ತ ಕೇಳಿದೆ.

"ಇಲ್ಲ ಬಿಡ್ರಿ ಸಾರ್. ರೇಡಿಯೊ ಅಟ್ಟದ ಮ್ಯಾಲೆ ಐತೆ. ಆ ಕುರಿ ಅಪ್ಪ ಫೋನ್ ಮಾಡಿದ ದಿನದಿಂದ ಹಚ್ಚಿಲ್ಲ." ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದಳು. "ಪಾಪಂ, ಅಳ್ತಾ ಇದ್ರಲ್ಲ ಸಾರ್ ಅವ್ರು. ಗಂಟಲು ಕಟ್ಟಿ ಮಾತು ನಿಂತೋತು. ಏನು ಹೇಳ್ತಾರೋ ಅಂತ ನಾನು ಮಗ್ಗ ನಿಲ್ಸಿದ್ದೆ. ನೀವು ಕಿವಿಗೆ ಅಷ್ಟು ದೊಡ್ಡ ಹೆಡ್‌ಫೋನು ಹಾಕ್ಕೊಂಡು ಕುಂತಿರ್ತೀರಲ್ಲ, ನಿಮಗೆ ಕೇಳಿಸ್ಲಿಲ್ವಾ?"

ಸುಶೀಲ ಸೀರೆಯ ಅಂಚು ನೋಡುತ್ತಿದ್ದವಳು ತಲೆ ಎತ್ತಲಿಲ್ಲ. ನಾನು ಹೊಸ್ತಿಲ ಮೇಲೆ ಕೂತೆ. ಅವನು ಜಾಗ ಬಿಟ್ಟಿರಲೇ ಇಲ್ಲ. ಮೂವತ್ತು ವರ್ಷ ಪಕ್ಕದಲ್ಲಿ ನಿಂತವನ ಅಳು ನನಗೆ ಗೊತ್ತಾಗಲಿಲ್ಲ, ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂತವಳಿಗೆ ಗೊತ್ತಾಯಿತು. ಮಕ್ಕಳೇ, ನೀವು ಕೇಳಿದ ನಾಲ್ಕು ಪುಟದಲ್ಲಿ ನಾನು ಕಲಿಸುವುದು ಇಷ್ಟೇ. ನಾಳೆ ಸ್ಟುಡಿಯೊಗೆ ಹೋದ ಕೂಡಲೇ ಆ ಗಾಜಿನ ಮೇಲಿನ ಹಾಳೆಯನ್ನು ಕಿತ್ತು ಬಿಸಾಕಿ.

ಸುಶೀಲಳನ್ನು ಚಳ್ಳಕೆರೆ ಬಸ್ಸಿಗೆ ಹತ್ತಿಸಿ ನಾನು ಕೊಂಡ್ಲಹಳ್ಳಿಗೆ ಹೋದೆ. ಓಬಯ್ಯನ ಮನೆಗೆ ಬೀಗ ಹಾಕಿತ್ತು. ಟೀ ಅಂಗಡಿಯ ಹೊಸ ಹುಡುಗನನ್ನು ಕೇಳಿದೆ. "ಓಬಯ್ಯ ಅಂದ್ರೆ ಹತ್ತು ಜನ ಅವ್ರೆ, ಯಾವ ಓಬಯ್ಯ?" ಎಂದ. ಕುರಿ ಕಾಯ್ತಿದ್ರು ಎಂದೆ, ನಾಟಕ ಆಡ್ತಿದ್ರು ಎಂದೆ, ಅವನ ಅಪ್ಪನ ಹೆಸರು ಹೇಳಿದೆ. ಹುಡುಗ ಗೊತ್ತಿಲ್ಲ ಎಂದು ತಲೆ ಆಡಿಸುತ್ತಲೇ ಇದ್ದ. ಕೊನೆಗೆ ಆ ಹೆಸರನ್ನು ನನ್ನ ಬಾಯಿಂದಲೇ ಹೇಳಬೇಕಾಯಿತು.

"ಓ, ಗೇಟ್ ಓಬಯ್ಯನಾ! ಅಂಗನ್ನಿ ಮತ್ತೆ. ಗೇಟ್ ಹತ್ರಾನೇ ಅವ್ರೆ ಹೋಗ್ರಿ, ಡ್ಯೂಟಿ ಮ್ಯಾಲೆ."

ಕಂಪನಿಯ ಗೇಟಿನ ಪಕ್ಕ ಒಂದು ತಗಡಿನ ಗೂಡು. ಒಳಗೆ ಓಬಯ್ಯ ಕೂತಿದ್ದ. ನೀಲಿ ಅಂಗಿ, ಹೆಗಲಿಗೆ ದಾರ ಕಟ್ಟಿದ ಸೀಟಿ, ಕಂಬಳಿ ಇಲ್ಲ. ಒಂದು ಕುರಿಯೂ ಉಳಿದಿಲ್ಲ ಎಂದು ಅಂಗಡಿಯ ಹುಡುಗ ಹೇಳಿದ್ದ. ಬೇಲಿಯ ಆಚೆ ಕಟ್ಟೆ ಕಾಣುತ್ತಿತ್ತು, ಅದರ ಸುತ್ತ ಗಾಜಿನ ಹಲಗೆಗಳ ಸಾಲು.

"ಲೇ ಓಬ" ಎಂದೆ.

ನನ್ನನ್ನು ನೋಡಿದ. ಗುರುತು ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ. ಎದ್ದು ನಿಂತು ಕುರ್ಚಿಯನ್ನು ನನ್ನ ಕಡೆ ತಳ್ಳಿದ. "ಬರ್ರಿ. ಕುಂತ್ಕಳ್ರಿ. ಹೆಸ್ರು ಬರೀರಿ" ಎಂದು ಪುಸ್ತಕ ಮುಂದಿಟ್ಟ. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ನಾನು ಬಹುವಚನ ಕೇಳಿದ್ದು ನಾಟಕದ ವೇಷದಲ್ಲಿ ಮಾತ್ರ.

ಹೆಸರು ಬರೆದೆ, ಊರು ಬರೆದೆ. ಯಾರನ್ನು ನೋಡಬೇಕು ಎನ್ನುವಲ್ಲಿ ಓಬಯ್ಯ ಎಂದು ಬರೆದೆ. ಮುಂದಿನದು ಬಂದ ಕಾರಣ. ಪೆನ್ನು ಅಲ್ಲಿಯೇ ನಿಂತಿತು.

"ಖಾಲಿ ಬಿಡಬ್ಯಾಡ್ರಿ. ಸಾಹೇಬ್ರು ಬೈತಾರೆ" ಎಂದ.

"ಅವತ್ತು ನೀನು ಅಳ್ತಿದ್ದಿಯಂತೆ ಓಬ. ನಂಗೆ ಗೊತ್ತಾಗ್ಲಿಲ್ಲ ಕಣೋ. ನೀನು ಜಾಗ ಬಿಟ್ಟೆ ಅನ್ಕಂಡೆ."

ಅವನು ಸೀಟಿಯ ದಾರವನ್ನು ಬೆರಳಲ್ಲಿ ತಿರುಚುತ್ತ, ನನ್ನನ್ನೇ ನೋಡುತ್ತ ನಿಂತ. ಒಂದು, ಎರಡು. ಐದು, ಹತ್ತು. ಇನ್ನೂ ನೋಡುತ್ತಿದ್ದ. ಬದುಕಿಡೀ ತಾನಾಗಿ ಬಂದ ಮಾತು ಆಗ ಬರಲಿಲ್ಲ.

ಹಿಂದೆ ಲಾರಿಯೊಂದು ಬಂದು ಹಾರನ್ ಹೊಡೆಯಿತು. "ಪಕ್ಕಕ್ಕೆ ಬರ್ರಿ, ಗಾಡಿ ಬಿಡಬೇಕು" ಎಂದ. ನನ್ನ ಕೈಯಿಂದ ಪೆನ್ನು ತಗೊಂಡ. ನಾಟಕದ ಮಾತು ಬಾಯಿಪಾಠ ಮಾಡಲೆಂದೇ ಅಕ್ಷರ ಕಲಿತವನು ಅವನು, ಬರೆಯುವುದು ನಿಧಾನ. ಬಂದ ಕಾರಣ ಎಂಬಲ್ಲಿ 'ಸುಮ್ಮನೆ' ಎಂದು ಬರೆದು, ಪುಸ್ತಕ ಮುಚ್ಚಿ, ಗೇಟು ತೆಗೆಯಲು ಹೋದ.